ನಾಲ್ಕನೆಯ ಮೂಲೆ

ಹನ್ನೆರಡನೇ ತಾರೀಖು, ಬುಧವಾರ. ಸಂಜೆ ಐದು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಮುದುಕನ ಅಂಗಿಯ ತೋಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ರಕ್ತ ಅವನದಲ್ಲ, ಮಗಳದು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಹಾಳೆಯಿತ್ತು. ದೂರು ಕೊಡಬೇಕು ಎಂದ. ಯಾರ ಮೇಲೆ ಎಂದು ದಫೇದಾರ ಕೇಳಿದ್ದಕ್ಕೆ "ಅಳಿಯನ ಮೇಲೆ" ಎಂದು ಹೇಳಿ, ಕುರ್ಚಿ ತೋರಿಸುವ ಮೊದಲೇ ಕುಳಿತುಬಿಟ್ಟ.

ದಫೇದಾರ ಆ ಹಾಳೆಯನ್ನು ಒಳಗೆ ಇನ್‌ಸ್ಪೆಕ್ಟರ ಮೇಜಿಗೆ ತಂದಿಟ್ಟ. ಈ ಇನ್‌ಸ್ಪೆಕ್ಟರಿಗೆ ಸಿಬ್ಬಂದಿ ಇಟ್ಟ ಹೆಸರು 'ಇರಲಿ ಸಾಹೇಬರು'. ಯಾರು ಏನು ಹೇಳಿದರೂ ಮೊದಲು 'ಇರಲಿ' ಎಂದು ಆಮೇಲೆ ಕೆಲಸಕ್ಕೆ ಇಳಿಯುವುದು ಅವರ ರೂಢಿ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಹಲ್ಲು ಕಚ್ಚಿಕೊಂಡು 'ಇರಲಿ' ಎಂದದ್ದು ಒಂದೇ ಸಲ. ತಾವೇ ಪಂಚನಾಮೆ ಬರೆಯಲು ಕಲಿಸಿದ ಹುಡುಗ ಮೇಲಧಿಕಾರಿಯಾಗಿ ಬಂದು ಕುಳಿತ ದಿನ ಅದು. ಅವತ್ತಿನಿಂದ ಸೆಲ್ಯೂಟ್ ಹೊಡೆಯುವಾಗಲೆಲ್ಲ ಅವರ ಮೊಣಕೈ ನೋಯುತ್ತದೆ. ಡಾಕ್ಟರು ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದಿದ್ದಾರೆ.

ದೂರು ಹೀಗಿತ್ತು: 'ಕಟ್ಟಡಗಳ ಬಲ ಪರೀಕ್ಷೆ ಮಾಡುವ ಶೆಡ್ಡಿನಲ್ಲಿ ನನ್ನ ಅಳಿಯ ಕಟ್ಟಿದ ಗೋಡೆ ಇವತ್ತು ಮಧ್ಯಾಹ್ನ ಬಿದ್ದು, ಅಲ್ಲೇ ಕೆಲಸಕ್ಕಿರುವ ನನ್ನ ಮಗಳ ತೊಡೆಮೂಳೆ ಮುರಿದಿದೆ. ನಾಲ್ಕನೆಯ ಮೂಲೆಯಲ್ಲಿ ಗೋಡೆಗೆ ಗೋಡೆ ಹೆಣೆಯದೆ, ಅರ್ಧ ಇಟ್ಟಿಗೆ ಇಟ್ಟು ಕಣ್ಣಿಗೆ ಮಣ್ಣೆರಚಿದ್ದಾನೆ. ಇಂಥ ಕಳಪೆ ಕೆಲಸದವನ ಮೇಲೆ ಕ್ರಮ ಜರುಗಿಸಬೇಕು.'

"ಏನು ಕೆಲಸ ನಿಮ್ಮದು?" ಮುದುಕನನ್ನು ಒಳಗೆ ಕರೆಸಿ ಇನ್‌ಸ್ಪೆಕ್ಟರು ಕೇಳಿದರು.

"ಮೇಸ್ತ್ರಿ. ನಲವತ್ತು ವರ್ಷ ಗಾರೆ ಕೆಲಸ. ಎಲ್ಲಾರೂ ದೊಡ್ಡ ಮೇಸ್ತ್ರಿ ಅಂತಾರೆ. ಅಳಿಯನಿಗೆ ಕರಣೆ ಹಿಡಿಯೋದು ಕಲಿಸಿದ್ದೂ ನಾನೇ."

"ಆ ಶೆಡ್ಡಿಗೆ ಹೋಗಿದ್ರಾ?"

"ಹೋದ ವರ್ಷ ಅಲ್ಲಿ ನಂದೊಂದು ಗೋಡೆ ಬಿತ್ತು. ಆಮೇಲೆ ಆ ಹೊಸ್ತಿಲು ತುಳಿದಿಲ್ಲ."

"ಇವತ್ತು?"

"ಸೀದಾ ಆಸ್ಪತ್ರೆಗೆ ಹೋದೆ. ಅವಳನ್ನ ಆಂಬುಲೆನ್ಸಿಂದ ಇಳಿಸೋವಾಗ ನಾನೂ ಕೈ ಕೊಟ್ಟೆ."

ಆ ಕೈ ಈಗಲೂ ನಡುಗುತ್ತಿತ್ತು. ಅದು ನಾಟಕವಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನಿಸಿತು. ಆರು ಹದಿನೈದಕ್ಕೆ ನಿರ್ಲಕ್ಷ್ಯದಿಂದ ಗಾಯ ಮಾಡಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಅಳಿಯನ ಹೆಸರು ಬಿತ್ತು. ಮುದುಕ ಹೋದ ಮೇಲೆ ಇನ್‌ಸ್ಪೆಕ್ಟರು ಶೆಡ್ಡಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು: ಬಿದ್ದ ಇಟ್ಟಿಗೆಗಳನ್ನು ಯಾರಾದರೂ ಮುಟ್ಟಿದ್ದಾರೆಯೇ? ಗಾಯಗೊಂಡವಳನ್ನು ಹೊರಗೆ ತೆಗೆದವರೇ ಎರಡು ಗಂಟೆಗೇ ಶೆಡ್ಡಿಗೆ ಬೀಗ ಹಾಕಿದ್ದೇವೆ, ಒಳಗೆ ಯಾರೂ ಹೋಗಿಲ್ಲ ಎಂದು ಉತ್ತರ ಬಂತು. ಅವರು ಕೆಂಪು ಪೆನ್ಸಿಲ್ ತೆಗೆದು ದೂರಿನಲ್ಲಿ 'ಅರ್ಧ ಇಟ್ಟಿಗೆ' ಎಂಬ ಮಾತಿನ ಕೆಳಗೆ ಗೆರೆ ಎಳೆದರು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಪಂಚರ ಸಮಕ್ಷಮದಲ್ಲಿ ಬೀಗ ತೆಗೆಸಲಾಯಿತು. ಶೆಡ್ಡಿನೊಳಗೆ ಒಂದು ಕೋಣೆಯಷ್ಟು ದೊಡ್ಡ ಇಟ್ಟಿಗೆ ಮನೆ. ಒಂದರ ಮೇಲೊಂದು ಮೂವತ್ತು ವರಸೆ ಇಟ್ಟಿಗೆಯ ನಾಲ್ಕು ಗೋಡೆ, ಕಬ್ಬಿಣದ ಒಂದು ಕಂಬಿಯೂ ಇಲ್ಲ. ಹಿಂದುಗಡೆ ಕಾಂಕ್ರೀಟು ಕಂಬಕ್ಕೆ ಬಿಗಿದ ದೊಡ್ಡ ಜಾಕು. ಅದು ಮನೆಯ ತಲೆಯನ್ನು ಒಂದು ಸಲ ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಸಲ ಹಿಂದಕ್ಕೆ ಎಳೆಯುತ್ತದೆ. ಮನೆಯ ಸುತ್ತ ನೆಲದ ಮೇಲೆ ಹಳದಿ ಗೆರೆ. ಮುಂದಿನ ಗೋಡೆಯ ಬಲಭಾಗ ಮೇಲಿನಿಂದ ಅರ್ಧಕ್ಕೆ ಕಿತ್ತು ಹೊರಗೆ ಬಿದ್ದಿತ್ತು. ಇಟ್ಟಿಗೆ ಚೂರುಗಳ ನಡುವೆ ಒಂದು ಚಪ್ಪಲಿ ಮಾತ್ರ ಉಳಿದಿತ್ತು. ದಫೇದಾರ ಅದನ್ನು ಎತ್ತಲು ಹೋಗಿ, ಪಂಚನಾಮೆ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ.

"ಇದೇನು ಮೇಡಂ, ಕಟ್ಟೋದು ನೀವೇ, ಕೆಡವೋದೂ ನೀವೇ?" ಎಂದು ದಫೇದಾರ ಕೇಳಿದ.

ಶೆಡ್ಡಿನ ಹಿರಿಯ ಎಂಜಿನಿಯರಮ್ಮ ನಗಲಿಲ್ಲ. "ಭೂಕಂಪದಲ್ಲಿ ನೆಲ ಪಕ್ಕಕ್ಕೆ ಅಲ್ಲಾಡುತ್ತೆ. ಅಷ್ಟೇ ಜೋರಲ್ಲಿ ನಾವು ತಳ್ಳಿ ನೋಡ್ತೀವಿ. ಇಲ್ಲಿ ಒಂದು ಬಿದ್ರೆ, ಊರಲ್ಲಿ ಹತ್ತು ನಿಲ್ಲುತ್ತೆ."

ಆಕೆ ಇನ್‌ಸ್ಪೆಕ್ಟರ ಕೈಯಿಂದ ದಪ್ಪ ರಟ್ಟಿನ ಕೇಸ್ ಡೈರಿಯನ್ನೇ ಇಸಿದುಕೊಂಡು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಉದ್ದಕ್ಕೆ ತಳ್ಳಿದಾಗ ಡೈರಿ ಜರುಗಿತೇ ಹೊರತು ಬೀಳಲಿಲ್ಲ. ಮುಖದ ಮೇಲೆ ಒಂದು ಬೆರಳು ಒತ್ತಿದ್ದೇ ತಡ, ಧೊಪ್ಪನೆ ಬಿತ್ತು.

"ಗೋಡೆನೂ ಹೀಗೇ ಸಾರ್. ಉದ್ದಕ್ಕೆ ತಳ್ಳಿದ್ರೆ ಆನೆ ಬಲ, ಮುಖಕ್ಕೆ ತಳ್ಳಿದ್ರೆ ಹಪ್ಪಳ. ಮುಂದಿನ ಗೋಡೆ ಮುಂದಕ್ಕೆ ಬೀಳೋಕೆ ಹೋದಾಗ ಹಿಡ್ಕೊಳ್ಳೋದು ಪಕ್ಕದ ಎರಡು ಗೋಡೆ. ಹಿಡಿಯೋ ಜಾಗ ಮೂಲೆ." ಎರಡೂ ಕೈಗಳ ಬೆರಳು ಹೆಣೆದು ತೋರಿಸಿದರು. "ಒಂದು ವರಸೆ ಬಿಟ್ಟು ಒಂದು ವರಸೆ, ಈ ಗೋಡೆ ಇಟ್ಟಿಗೆ ಆ ಗೋಡೆ ಒಳಗೆ ಹೋಗ್ಬೇಕು. ಆ ಹೆಣಿಗೆ ಇಲ್ದಿದ್ರೆ ನಾಲ್ಕು ಗೋಡೆ ನಾಲ್ಕು ದಿಕ್ಕಿಗೆ."

ಮೂರು ಮೂಲೆಗಳಲ್ಲಿ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಹಾಗೆ ಬಂದರೆ ಇಟ್ಟಿಗೆಗಳು ಒಂದನ್ನೊಂದು ಬಿಡದೆ ಎಳೆದಾಡಿವೆ ಎಂದು ಅರ್ಥ. ನಾಲ್ಕನೆಯ ಮೂಲೆಯಲ್ಲಿ ಮಾತ್ರ ಹತ್ತೊಂಬತ್ತನೇ ವರಸೆಯಿಂದ ಮೇಲಕ್ಕೆ, ಚಾಕುವಿನಿಂದ ಕುಯ್ದ ಹಾಗೆ ನೆಟ್ಟನೆಯ ಸೀಳು. ಬಿದ್ದ ರಾಶಿಯನ್ನು ಪಂಚರು ಒಂದೊಂದಾಗಿ ಎತ್ತಿಟ್ಟರು. ಮೂಲೆಯಲ್ಲಿ ಅಡ್ಡಕ್ಕೆ ಹೋಗಬೇಕಿದ್ದ ಇಟ್ಟಿಗೆಗಳೆಲ್ಲ ಅರ್ಧವೇ. ಹೊರಗಿನಿಂದ ನೋಡಿದರೆ ಇಡೀ ಇಟ್ಟಿಗೆಯ ತಲೆ, ಒಳಗೆ ಹಿಂಬದಿಗೆ ಬರೀ ಗಾರೆ. ದೂರಿನಲ್ಲಿದ್ದ ಮಾತು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಯಾರೂ ನೋಡಿರದ ನಿಜ ಆ ಮುದುಕನಿಗೆ ಮೊದಲೇ ಹೇಗೆ ತಿಳಿಯಿತು ಎಂಬುದನ್ನು ಇನ್‌ಸ್ಪೆಕ್ಟರು ಬಾಯಿಬಿಟ್ಟು ಕೇಳಲಿಲ್ಲ.

"ಇಟ್ಟಿಗೆ ಅರ್ಧ ಮಾಡೋದು ಯಾತರಿಂದ?"

"ಕಟರ್ ಮೆಷಿನ್ನಿಂದ. ಇಲ್ಲಿ ಅದೇ ನಿಯಮ," ಎಂದ ಎಂಜಿನಿಯರಮ್ಮ ಒಂದು ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದು ಮೆಷಿನ್ನಿನಲ್ಲಿ ಕೊಯ್ದದ್ದಲ್ಲ, ಗಾರೆ ಮೆತ್ತುವ ಕರಣೆಯ ಅಂಚಿನಿಂದ ಒಂದೇ ಏಟಿಗೆ ಒಡೆದದ್ದು. ಏಟು ಬಿದ್ದ ಕಡೆ ಉಗುರು ಊರಿದಂಥ ಕಚ್ಚು, ಕಚ್ಚಿನ ನಡುವೆ ಕೂದಲೆಳೆಯಷ್ಟು ಉಬ್ಬಿದ ಏಣು. ಇಂಥ ಹನ್ನೊಂದು ತುಂಡು ಸಿಕ್ಕವು. ಹನ್ನೊಂದರಲ್ಲೂ ಅದೇ ಏಣು.

ದಿನದ ಕೆಲಸ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ತಾರೀಖು ಬರೆಯುವುದು ಶೆಡ್ಡಿನ ಪದ್ಧತಿ. ಹತ್ತೊಂಬತ್ತರಿಂದ ಮೂವತ್ತರವರೆಗಿನ ಆ ಹನ್ನೆರಡು ವರಸೆ ಎದ್ದದ್ದು ಹೋದ ತಿಂಗಳು ಹತ್ತನೇ ತಾರೀಖು. ಅವತ್ತು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಅಳಿಯ ಪಕ್ಕದ ಕಟ್ಟಡದಲ್ಲಿ ಮೇಸ್ತ್ರಿಗಳಿಗೆ ಪಾಠ ಮಾಡುತ್ತಿದ್ದನೆಂದು ಹಾಜರಿ ಪುಸ್ತಕ ಹೇಳಿತು.

"ಹೋದ ವರ್ಷ ಅವರ ಮಾವನ ಗೋಡೆ ಬಿತ್ತಂತೆ?"

"ಅದು ಬೀಳ್ಲಿ ಅಂತಲೇ ಕಟ್ಟಿಸಿದ್ದು ಸಾರ್. ಊರಲ್ಲಿ ಸಾಮಾನ್ಯವಾಗಿ ಕಟ್ಟೋ ಹಾಗೆ, ಮೂಲೆ ಹೆಣೀದೆ ಕಟ್ಟಿ ಅಂತ ನಾವೇ ಹೇಳಿದ್ವಿ. ಮೂರನೇ ಸಲ ತಳ್ಳಿದಾಗ್ಲೇ ಹೋಯ್ತು. ಆ ವೀಡಿಯೊನ ಪ್ರತಿ ಕ್ಲಾಸಲ್ಲೂ ತೋರಿಸ್ತೀವಿ. ಈ ವರ್ಷ ಅಳಿಯನ ಕೈಲಿ ಹೆಣೆದು ಕಟ್ಟಿಸಿದ್ವಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸೋಣ ಅಂತ. ಇದು ಎಂಟು ಸಲ ತಳ್ಳೋವರೆಗೂ ನಿಲ್ಲಬೇಕಿತ್ತು. ನಾಲ್ಕಕ್ಕೇ ಹೋಯ್ತು."

"ಮಾವನಿಗೆ ಇದೆಲ್ಲ ಬಿಡಿಸಿ ಹೇಳಿದ್ರಾ?"

ಆಕೆ ಕೈಯಲ್ಲಿದ್ದ ಇಟ್ಟಿಗೆ ತುಂಡನ್ನು ಕೆಳಗಿಟ್ಟರು. "ನಕ್ಷೆ ಕೊಟ್ಟಿದ್ವಿ," ಎಂದರು.

ಕ್ಯಾಮೆರಾದ ದೃಶ್ಯ ನೋಡಿದಾಗ ಬೇರೊಂದು ಗಂಟು ಎದುರಾಯಿತು. ಒಂದು ಸಲ ತಳ್ಳಿ ಇನ್ನೊಂದು ಸಲ ತಳ್ಳುವುದರ ನಡುವೆ ಬಿರುಕು ಎಲ್ಲಿಗೆ ಬಂದಿದೆ ಎಂದು ಗುರುತು ಹಾಕುವುದು ಮುದುಕನ ಮಗಳ ಕೆಲಸ. ಅದಕ್ಕಾಗಿ ಪೆನ್ನು ಕಟ್ಟಿದ ಉದ್ದ ಕೋಲು ಇದೆ. ಹಳದಿ ಗೆರೆಯನ್ನು ಯಾರೂ ದಾಟುವ ಹಾಗಿಲ್ಲ. ಮಧ್ಯಾಹ್ನ ಒಂದು ಮೂವತ್ತೆರಡಕ್ಕೆ ಆಕೆ ಮೂರು ಮೂಲೆಗಳಿಗೆ ಗೆರೆಯ ಹೊರಗೆ ನಿಂತೇ ಗುರುತು ಹಾಕಿದಳು. ನಾಲ್ಕನೆಯದಕ್ಕೆ ಬಂದವಳು ಕೋಲು ಕೆಳಗಿಟ್ಟು, ಗೆರೆ ದಾಟಿ, ಮೂಲೆಯ ಹತ್ತಿರ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ಆಗ ಗೋಡೆ ಬಿತ್ತು.

"ಆರು ವರ್ಷದಲ್ಲಿ ಒಂದು ದಿನ ಗೆರೆ ದಾಟಿದವಳಲ್ಲ. ನಾನು ದಾಟಿದ್ರೂ ಬೈತಿದ್ಳು," ಎಂದು ಎಂಜಿನಿಯರಮ್ಮ ಕಣ್ಣು ಒರೆಸಿಕೊಂಡರು.

ಹನ್ನೊಂದೂಕಾಲಿಗೆ ಆಸ್ಪತ್ರೆ. ಆಪರೇಷನ್ ಮುಗಿದಿತ್ತು, ಜೀವಕ್ಕೆ ಅಪಾಯವಿಲ್ಲ, ಮಗಳಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಅವಳು ಮಾತಾಡುವ ಹಾಗಾದ ಕೂಡಲೇ ಹೇಳಿಕೆ ಪಡೆಯಲು ಮಹಿಳಾ ಪೇದೆಯನ್ನು ಬಾಗಿಲಲ್ಲಿ ಕೂರಿಸಿದರು. ಅಳಿಯ ಹೊರಗಿನ ಬೆಂಚಿನಲ್ಲಿದ್ದ. ತಲೆಗೂದಲಿನಲ್ಲಿ ಇನ್ನೂ ಇಟ್ಟಿಗೆ ಪುಡಿ ಇತ್ತು. ಹೆಂಡತಿಯ ಮೇಲಿನ ರಾಶಿಯನ್ನು ಬರಿಗೈಯಲ್ಲಿ ಬಗೆದವನು ಇವನೇ.

"ಗೋಡೆ ಕಟ್ಟಿದ್ದು ಯಾರು?"

"ನಾನೇ ಸಾರ್."

"ನಾಲ್ಕು ಮೂಲೆನೂ?"

ಅವನು ಕೂದಲಿನ ಪುಡಿ ಕೊಡವಿದ. "ನಾನೇ."

"ಹತ್ತನೇ ತಾರೀಖು ಹನ್ನೊಂದರಿಂದ ಮೂರರವರೆಗೆ ಎಲ್ಲಿದ್ರಿ?"

"ಕ್ಲಾಸಲ್ಲಿ."

"ಮೂಲೆ ತಾನಾಗೇ ಎದ್ದು ನಿಂತಿತಾ?"

ಅವನು ನೆಲ ನೋಡಿದ. "ನಾನೇ ಅಂತ ಬರ್ಕೊಳ್ಳಿ ಸಾರ್. ಹೊರಗಿನವರ ಕೈಲಿ ಮುಟ್ಟಿಸಬಾರದು ಅಂತ ಅಲ್ಲಿ ನಿಯಮ. ನನ್ನ ಕೆಲಸ ಹೋದ್ರೆ ಹೋಗ್ಲಿ, ಅವಳದು ಉಳೀಲಿ."

"ಯಾರ ಕೈಲಿ ಮುಟ್ಟಿಸಿದ್ರಿ?"

ಅದಕ್ಕೆ ಮಾತ್ರ ಅವನು ಬಾಯಿಗೆ ಬೀಗ ಹಾಕಿಕೊಂಡ. ಗದರಿಸಿದರೂ ಇಲ್ಲ, ಪುಸಲಾಯಿಸಿದರೂ ಇಲ್ಲ. ಜೀಪಿನಲ್ಲಿ ಕುಳಿತಾಗ ಮೇಲಧಿಕಾರಿಯ ಫೋನು ಬಂತು. ನಡೆದದ್ದನ್ನೆಲ್ಲ ಕೇಳಿ, ಆರೋಪಿ ತಾನೇ ಒಪ್ಪಿಕೊಂಡ ಮೇಲೆ ಎಳೆದಾಟ ಯಾಕೆ, ಸಂಜೆಯೊಳಗೆ ಅಳಿಯನನ್ನು ಒಳಗೆ ಹಾಕಿ ಎಂದು ಹುಕುಂ ಆಯಿತು. 'ಸಂಜೆವರೆಗೆ ಟೈಮ್ ಕೊಡಿ ಸಾರ್' ಎನ್ನುವಾಗ ಇನ್‌ಸ್ಪೆಕ್ಟರ ಮೊಣಕೈ ಮತ್ತೆ ನೋಯಿತು. ಗುರುವಿಗೇ ತಿರುಮಂತ್ರ! ಹೀಗೆ ಹೊಟ್ಟೆ ಉರಿಯುತ್ತಿರುವಾಗಲೇ, ಹಿಂದಿನ ಸಂಜೆ ಮುದುಕ 'ಕಲಿಸಿದ್ದೂ ನಾನೇ' ಎಂದಾಗಿನ ದನಿ ಅವರಿಗೆ ನೆನಪಾಯಿತು. ಆ ದನಿಯ ಪರಿಚಯ ಅವರಿಗೆ ಚೆನ್ನಾಗಿಯೇ ಇತ್ತು.

ಜೀಪು ಮತ್ತೆ ಶೆಡ್ಡಿನ ಗೇಟಿಗೆ ಹೋಯಿತು. ಕಾವಲುಗಾರನ ಪುಸ್ತಕದಲ್ಲಿ ಹತ್ತನೇ ತಾರೀಖು ಹೊರಗಿನವರ ಹೆಸರು ಒಂದೂ ಇರಲಿಲ್ಲ.

"ದೊಡ್ಡ ಮೇಸ್ತ್ರಿ ಯಾವಾಗ್ಲಾದ್ರೂ ಬಂದಿದ್ರಾ?"

"ದಿನಾ ಬರ್ತಾರಲ್ಲ ಸಾರ್, ಮಗಳಿಗೆ ಊಟದ ಡಬ್ಬಿ ಹಿಡ್ಕೊಂಡು."

"ಪುಸ್ತಕದಲ್ಲಿ ಬರೆದಿಲ್ಲ?"

"ಡಬ್ಬಿ ತಂದವರನ್ನ ಏನಂತ ಬರೀಲಿ ಸಾರ್?"

"ಹತ್ತನೇ ತಾರೀಖು ಎಷ್ಟು ಹೊತ್ತಿದ್ರು?"

"ತಾರೀಖು ಗೊತ್ತಿಲ್ಲ. ಒಂದು ದಿನ ಮಾತ್ರ ಮೂರು ಗಂಟೆವರೆಗೂ ಇದ್ರು. ಅಳಿಯಾನೇ ಕೈಮುಗಿದು ಕರೆದಿದ್ದ. 'ಮೂಲೆ ಹಿರಿಯರ ಕೈಲಿ ಏಳಬೇಕು ಮಾವ, ನಾಲ್ಕನೇದು ನೀವೇ ಎತ್ತಿಕೊಡಿ' ಅಂತ."

ಇದು ಮೇಸ್ತ್ರಿಗಳ ಹಳೆಯ ರೀತಿ. ಮೊದಲು ಮೂಲೆಗಳನ್ನು ಎತ್ತಿ ನಿಲ್ಲಿಸುತ್ತಾರೆ. ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ನಡುವಿನದನ್ನು ಉಳಿದವರು ತುಂಬುತ್ತಾರೆ. ಮೂಲೆ ಎತ್ತುವುದು ದೊಡ್ಡವರ ಹಕ್ಕು, ಅದನ್ನು ಕೊಡುವುದು ಚಿಕ್ಕವರ ಮರ್ಯಾದೆ. ಅಳಿಯ ಮರ್ಯಾದೆ ಕೊಟ್ಟಿದ್ದ, ಅದಕ್ಕಾಗಿ ನಿಯಮ ಮುರಿದಿದ್ದ, ಈಗ ಅದನ್ನು ಮುಚ್ಚಿಡಲು ಜೈಲಿಗೂ ತಯಾರಾಗಿದ್ದ.

ಎರಡೂವರೆಗೆ ಇಬ್ಬರು ಪಂಚರ ಜೊತೆ ಮೇಸ್ತ್ರಿಯ ಮನೆ. ಮಾವ, ಮಗಳು, ಅಳಿಯ ಮೂವರೂ ಒಂದೇ ಸೂರಿನಡಿ. ಹಜಾರದ ಗೋಡೆಯ ಮೇಲೆ ಗಾಜು ಹಾಕಿಸಿದ ಅಳಿಯನ ಪ್ರಮಾಣಪತ್ರ. ಪಕ್ಕದ ಮೊಳೆಗೆ ಮುದುಕನ ಕರಣೆ ನೇತುಹಾಕಿತ್ತು. ತೊಳೆದು ಎಣ್ಣೆ ಸವರಿದ ಅದರ ಅಂಚಿನಲ್ಲಿ ಎಳ್ಳಿಗಿಂತ ಸಣ್ಣ ಮುಕ್ಕು. ಇನ್‌ಸ್ಪೆಕ್ಟರು ಅದನ್ನು ನೋಡಿಯೂ ನೋಡದವರಂತೆ ಕುಳಿತರು.

"ನಿಮ್ಮ ಅಳಿಯ ಎಲ್ಲಾ ಒಪ್ಕೊಂಡ್ರು ಮೇಸ್ತ್ರಿ. ಸಂಜೆ ಒಳಗೆ ಹಾಕ್ತೀವಿ."

"ಆಗ್ಲಿ," ಎಂದ ಮುದುಕ. ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಒಂದು ಸಣ್ಣ ಅನುಮಾನ. ಆ ಅರ್ಧ ಇಟ್ಟಿಗೆಗಳು ಕರಣೇಲಿ ಒಡೆದವು. ಅಳಿಯನ್ನ ಕೇಳಿದ್ರೆ, ಕರಣೇಲಿ ಒಡೆಯೋದು ನಮ್ಮ ಮಾವನ ಕಾಲದ್ದು, ನೇರ ಬರಲ್ಲ, ಮಾವನ ಕೈ ಈಗ ನಡುಗುತ್ತೆ ಅಂದ್ರು."

ಇದು ಅಪ್ಪಟ ಸುಳ್ಳು. ಅಳಿಯ ಇಂಥದ್ದೇನೂ ಹೇಳಿರಲಿಲ್ಲ. ಹೇಳುವಾಗ ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು, ಆದರೂ ಹೇಳಿದರು. ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದು ನೋವಿದ್ದವರಿಗೇ ಗೊತ್ತು.

ಮುದುಕ ಎದ್ದ. ಕರಣೆಯನ್ನು ಮೊಳೆಯಿಂದ ಬಿಡಿಸಿಕೊಂಡು ಅಂಗಳಕ್ಕೆ ಹೋದ. ಅಲ್ಲಿ ಒಟ್ಟಿದ್ದ ಇಟ್ಟಿಗೆಗಳಲ್ಲಿ ಒಂದನ್ನು ಎಡ ಅಂಗೈ ಮೇಲೆ ಕೂರಿಸಿ, ಒಮ್ಮೆ ತಿರುಗಿಸಿ, ನೋಡಿಯೂ ನೋಡದೆ ಒಂದೇ ಏಟು ಹಾಕಿದ. ಇಟ್ಟಿಗೆ ಸರಿಯಾಗಿ ಎರಡಾಯಿತು. ಇನ್ನೊಂದು, ಮತ್ತೊಂದು. ಆಗ ಆ ಕೈಯಲ್ಲಿ ನಡುಕದ ಸುಳಿವೂ ಇರಲಿಲ್ಲ. ಪಂಚರಲ್ಲೊಬ್ಬ ಅರಿವಿಲ್ಲದೆ 'ಭಲೇ' ಎಂದ.

"ಹೇಳಿ ಅವನಿಗೆ. ಮೆಷಿನ್ನು ಕೆಟ್ಟರೆ ಅವನ ಕೆಲಸ ನಿಲ್ಲುತ್ತೆ. ನಂದು ನಿಲ್ಲಲ್ಲ."

ದಫೇದಾರ ಚೀಲದಿಂದ ಶೆಡ್ಡಿನಲ್ಲಿ ಸಿಕ್ಕ ತುಂಡು ತೆಗೆದು ಪಕ್ಕಕ್ಕೆ ಹಿಡಿದ. ಅದೇ ಕಚ್ಚು, ನಡುವೆ ಕರಣೆಯ ಮುಕ್ಕು ಉಳಿಸಿದ ಅದೇ ಕೂದಲೆಳೆಯ ಏಣು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ. ಮುದುಕ ಎರಡು ತುಂಡುಗಳನ್ನೂ ನೋಡಿದ, ಕರಣೆಯ ಮುಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ, ಅಲ್ಲೇ ಇಟ್ಟಿಗೆಗಳ ಮೇಲೆ ಕುಸಿದು ಕುಳಿತ.

"ನಲವತ್ತು ವರ್ಷ ಕಟ್ಟಿದೀನಿ ಸಾರ್. ಅದ್ರಲ್ಲಿ ಬಿದ್ದಿದ್ದು ಒಂದೇ. ಅದೊಂದನ್ನೇ ದಿನಾ ವೀಡಿಯೊದಲ್ಲಿ ಬೀಳಿಸ್ತಾರೆ. ನಿನ್ನೆ ಮೊನ್ನೆ ಕರಣೆ ಹಿಡಿದವರೆಲ್ಲ ಕೂತು ನೋಡಿ ನಗ್ತಾರೆ. ಗುಂಡಿ ಒತ್ತೋದು ನನ್ನ ಮಗಳೇ."

"ಬೀಳ್ಲಿ ಅಂತಲೇ ಕಟ್ಟಿಸಿದ್ದಂತಲ್ಲ ಅದನ್ನ?"

"ನನಗೆ ಹೆಣೀಬೇಡ ಅಂದ್ರು, ಅವನಿಗೆ ಹೆಣೆದು ಕಟ್ಟು ಅಂದ್ರು. ನೋಡೋವ್ರಿಗೆ ಅದು ಗೊತ್ತಾಗುತ್ತಾ? ಮಾವನ ಗೋಡೆ ಬಿತ್ತು, ಅಳಿಯನ ಗೋಡೆ ನಿಂತಿತು, ಅಷ್ಟೇ ಕಾಣೋದು. ಮನೇಲೂ ಅದೇ. ಊಟಕ್ಕೆ ಕೂತ್ರೆ ಅವನ ಗೋಡೆ ಮಾತು. ಅವರ ಕೈ ಎಷ್ಟು ನೇರ ನೋಡಪ್ಪಾ ಅಂತಾಳೆ ಮಗಳು. ಆ ಕೈ ಹಿಡಿದು ತಿದ್ದಿದ್ದು ಯಾರು? ಅವನದೂ ಒಂದ್ಸಲ ಬೀಳ್ಲಿ ಅಂದ್ಕೊಂಡೆ. ಹೊಟ್ಟೆಕಿಚ್ಚು ಸಾರ್, ಬೇರೇನಿಲ್ಲ."

"ಮಗಳು ಅಲ್ಲೇ ಇರ್ತಾಳೆ ಅಂತ ಗೊತ್ತಿತ್ತಲ್ಲ?"

"ಅವಳು ಗೆರೆ ದಾಟೋಳಲ್ಲ," ಎಂದ ಮುದುಕ. "ಪ್ರಪಂಚ ಮುಳುಗಿದ್ರೂ ದಾಟೋಳಲ್ಲ. ಅದೊಂದು ನಂಬಿಕೆ ಮೇಲೇ ಮಾಡಿದ್ದು. ಅವಳು ಯಾಕೆ ದಾಟಿದಳು ಸಾರ್? ನಿನ್ನೆಯಿಂದ ಅದೊಂದೇ ಕೇಳ್ಕೋತಿದೀನಿ."

ಇನ್‌ಸ್ಪೆಕ್ಟರು ಡೈರಿ ಮುಚ್ಚಿದರು. "ಇರಲಿ," ಎಂದರು. ಎದ್ದು ನಿಂತ ಮೇಲೆ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ ಎನಿಸಿ ಹೇಳಿದರು: "ಮೇಸ್ತ್ರಿ, ಅಳಿಯ ನಿಮ್ಮ ಕೈ ಬಗ್ಗೆ ಏನೂ ಅಂದಿಲ್ಲ. ಅದು ನನ್ನ ಮಾತು. ಅವರು ನಿಮ್ಮ ಹೆಸರು ಹೇಳದೆ ತಪ್ಪೆಲ್ಲ ತಮ್ಮ ಮೇಲೆ ಹಾಕ್ಕೊಂಡಿದಾರೆ."

ಕರಣೆಯನ್ನು ಪಂಚನಾಮೆಯ ಮೇಲೆ ವಶಕ್ಕೆ ಪಡೆಯಲಾಯಿತು. ನಾಲ್ಕೂವರೆಗೆ ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಬದಲಿಸಲು, ಮತ್ತು ತಿಳಿದೂ ತಿಳಿದೂ ಜೀವಕ್ಕೆ ಅಪಾಯ ತಂದ ಆರೋಪ ಸೇರಿಸಲು ವರದಿ ಸಿದ್ಧವಾಯಿತು. ಮೇಲಧಿಕಾರಿ ಫೋನಿನಲ್ಲಿ ಎಲ್ಲ ಕೇಳಿ, ಒಂದು ಕ್ಷಣ ಬಿಟ್ಟು, "ಪಂಚನಾಮೆ ಬರೆಯೋಕೆ ನಿಮ್ಮಿಂದಲೇ ಕಲಿತಿದ್ದು ನಾನು, ಮರೆತುಬಿಟ್ಟಿದ್ದೆ" ಎಂದರು. ಇನ್‌ಸ್ಪೆಕ್ಟರು "ಇರಲಿ ಸಾರ್" ಎಂದು ಫೋನು ಇಟ್ಟರು.

ಐದು ಗಂಟೆ ಹತ್ತು ನಿಮಿಷಕ್ಕೆ ಮಹಿಳಾ ಪೇದೆ ಆಸ್ಪತ್ರೆಯಿಂದ ಮಗಳ ಹೇಳಿಕೆ ತಂದಳು. ಒಂದೇ ಪುಟ. ಇನ್‌ಸ್ಪೆಕ್ಟರು ನಿಂತುಕೊಂಡೇ ಓದಿದರು. ಓದಿ ಮುಗಿಸಿ ತಲೆ ಎತ್ತಿದರು. ಮುದುಕ ಎದುರಿಗೆ ಬೆಂಚಿನ ಮೇಲಿದ್ದ. ದಸ್ತಗಿರಿ ಪತ್ರಕ್ಕೆ ಇನ್ನೂ ಸಹಿ ಆಗಿರಲಿಲ್ಲ.

"ಓದಿ ಹೇಳು," ಎಂದು ಅವರು ಹಾಳೆಯನ್ನು ದಫೇದಾರನಿಗೆ ಕೊಟ್ಟರು.

ದಫೇದಾರ ಓದಿದ: "'ಮೂರು ಮೂಲೆ ನನ್ನ ಗಂಡ ಎತ್ತಿದ್ದು. ನಾಲ್ಕನೆಯದು ನಮ್ಮಪ್ಪ ಎತ್ತಿದ್ದು. ಅವತ್ತು ಅಪ್ಪ ಒಳಗೆ ನಿಂತು ಕಟ್ಟುತ್ತಿದ್ದರು, ನಾನು ಹೊರಗೆ ಕುಳಿತು ಡಬ್ಬಿ ಊಟ ಮಾಡುತ್ತಾ ನೋಡುತ್ತಿದ್ದೆ. ಇಬ್ಬರೂ ಸೇರಿ ಒಂದು ಗೋಡೆ ಕಟ್ಟಿದರಲ್ಲ ಎಂದು ಬಹಳ ಖುಷಿಯಾಗಿತ್ತು. ನಿನ್ನೆ ಮೂರು ಮೂಲೆಗೆ ಹೊರಗಿನಿಂದಲೇ ಗುರುತು ಹಾಕಿದೆ. ನಾಲ್ಕನೆಯದರಲ್ಲಿ ಬಿರುಕು ಮೆಟ್ಟಿಲಾಗಿ ಬಂದಿರಲಿಲ್ಲ. ದೂರದಿಂದ ಏನೂ ಕಾಣಲಿಲ್ಲ. ಅಪ್ಪನ ಮೂಲೆ ಒಂದಿಷ್ಟೂ ಅಲುಗಿಲ್ಲ ಅಂದುಕೊಂಡೆ. ಬೇರೆ ಯಾರ ಗೋಡೆಯಾಗಿದ್ದರೂ ನಾನು ಗೆರೆ ದಾಟುತ್ತಿರಲಿಲ್ಲ. ಅಪ್ಪ ಕಟ್ಟಿದ್ದು ನನ್ನ ಮೇಲೆ ಬೀಳುವುದಿಲ್ಲ ಎಂದು ಹತ್ತಿರ ಹೋದೆ.'"

ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿದ್ದ.

"ಇನ್ನೊಂದ್ಸಲ ಓದಿ," ಎಂದ ಮುದುಕ.

ದಫೇದಾರ ಸಾಹೇಬರ ಮುಖ ನೋಡಿದ. ಅವರು ತಲೆಯಾಡಿಸಿದರು. ದಫೇದಾರ ಎರಡನೆಯ ಸಲವೂ ಕೊನೆಯ ವಾಕ್ಯದವರೆಗೆ ಓದಿದ. ಮುದುಕ ಪೆನ್ನು ಇಸಿದುಕೊಂಡು ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದ. ಸಮಯ ಐದು ನಲವತ್ತು. ಅವನು ದೂರು ಹಿಡಿದುಕೊಂಡು ಬಂದು ಸರಿಯಾಗಿ ಒಂದು ದಿನ ಆಗಿತ್ತು.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವ ಜಾಗದಲ್ಲಿ ಇನ್‌ಸ್ಪೆಕ್ಟರು 'ಅಸೂಯೆ' ಎಂದು ಬರೆದರು. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಮಗಳಿಗೆ ತನ್ನ ಕೆಲಸದ ಮೇಲೆ ಗೌರವವಿಲ್ಲವೆಂದು ಆರೋಪಿ ತಪ್ಪಾಗಿ ತಿಳಿದಿದ್ದನು.'